ಪ್ಲೇಗ್ ವೈದ್ಯರು: ಕೊಕ್ಕಿನ ಮುಖವಾಡದ ಹಿಂದೆ ಇದ್ದವರು ಯಾರು?

ಕಾಲಿನವರೆಗೂ ಇಳಿದ ಕಪ್ಪು ನಿಲುವಂಗಿ, ಅಗಲ ಅಂಚಿನ ಟೋಪಿ, ಕೈಯಲ್ಲಿ ಕೋಲು, ಮುಖಕ್ಕೆ ಹಕ್ಕಿಯ ಕೊಕ್ಕಿನಂಥ ಮುಖವಾಡ. ಈ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಕೋವಿಡ್ ಕಾಲದಲ್ಲಿ ಪಿಪಿಇ ಕಿಟ್ ತೊಟ್ಟ ಡಾಕ್ಟರ ಫೋಟೊ ಪಕ್ಕದಲ್ಲಿ ಇದನ್ನಿಟ್ಟು ‘ಆಗ – ಈಗ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚುತ್ತಿದ್ದರು. ವೆನಿಸ್‌ಗೆ ಹೋದ ಪ್ರವಾಸಿಗರು ಇದೇ ಮುಖವಾಡವನ್ನು ಕೊಂಡು ತರುತ್ತಾರೆ. ಚಿತ್ರದ ಕೆಳಗೆ ಸಾಮಾನ್ಯವಾಗಿ ‘ಮಧ್ಯಯುಗದ ಪ್ಲೇಗ್ ವೈದ್ಯ’ ಎಂದು ಬರೆದಿರುತ್ತದೆ.

ಅದು ಸರಿಯಲ್ಲ. ಯುರೋಪಿನಲ್ಲಿ ಪ್ಲೇಗ್ ವೈದ್ಯ ಎಂಬ ಕೆಲಸ 14ನೇ ಶತಮಾನದಿಂದಲೇ ಇತ್ತು. ಕೊಕ್ಕಿನ ವೇಷದ ವಿವರ ಸಿಗುವುದು 17ನೇ ಶತಮಾನದಲ್ಲಿ. ನಡುವಿನ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ವೈದ್ಯರು ಯಾವ ಮುಖವಾಡವೂ ಇಲ್ಲದೆ ರೋಗಿಗಳ ಮನೆಗೆ ಹೋಗಿ ಬಂದರು. ಅವರು ಯಾರು, ಏಕೆ ಹೋದರು, ಹೋಗಿ ಏನು ಮಾಡಿದರು ಎಂಬುದು ಆ ಮುಖವಾಡಕ್ಕಿಂತ ತಿಳಿಯಬೇಕಾದ ವಿಷಯ.

ಪ್ಲೇಗ್ ಎಂದರೆ ಏನು?

ಯೆರ್ಸಿನಿಯಾ ಪೆಸ್ಟಿಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ ಇದು. ಮೂಲತಃ ಇಲಿ, ಹೆಗ್ಗಣಗಳಂಥ ಪ್ರಾಣಿಗಳ ರೋಗ. ಸೋಂಕಿರುವ ಚಿಗಟ ಕಚ್ಚಿದಾಗ ಮನುಷ್ಯರಿಗೆ ಬರುತ್ತದೆ. ಸಾಮಾನ್ಯವಾಗಿ ಒಂದು ವಾರದೊಳಗೆ ಚಳಿಜ್ವರ ಬಂದು ತೊಡೆಸಂದು, ಕಂಕುಳು ಅಥವಾ ಕುತ್ತಿಗೆಯಲ್ಲಿ ವಿಪರೀತ ನೋವಿನ ಗಂಟು ಏಳುತ್ತದೆ. ಇದು ಗಂಟಿನ ಪ್ಲೇಗ್. ರೋಗ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಬಗೆಯ ಪ್ಲೇಗ್ ಆಗುತ್ತದೆ. ಇದು ಕೆಮ್ಮಿನ ಹನಿಗಳ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ನೇರವಾಗಿ ಹರಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಮೊದಲ ಬಗೆಯಲ್ಲಿ ನೂರಕ್ಕೆ 30ರಿಂದ 60 ಮಂದಿ ಸಾಯುತ್ತಾರೆ. ಎರಡನೆಯದರಲ್ಲಿ ಬಹುತೇಕ ಎಲ್ಲರೂ.

ಆ ಕಾಲದ ವೈದ್ಯರಿಗೆ ಇದಾವುದೂ ಗೊತ್ತಿರಲಿಲ್ಲ. ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ರೋಗಕ್ಕೆ ಕಾರಣ ಎಂದು ಅವರು ನಂಬಿದ್ದರು. ಅವರು ಮಾಡಿದ ಬಹುತೇಕ ಎಲ್ಲವೂ ಈ ನಂಬಿಕೆಯಿಂದಲೇ ಹುಟ್ಟಿದ್ದು.

1348: ಓಡಿಹೋಗಲು ನಾಚಿಕೊಂಡ ಒಬ್ಬ ವೈದ್ಯ

1347ರ ಅಕ್ಟೋಬರ್‌ನಲ್ಲಿ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಬಂದರಿಗೆ ಪ್ಲೇಗ್ ಬಂತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಯುರೋಪಿನ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನ ಸತ್ತರು ಎಂಬುದು ಇತಿಹಾಸಕಾರರ ಅಂದಾಜು. ಊರು ಬಿಟ್ಟು ಬೇಗ ಹೊರಡಬೇಕು, ದೂರ ಹೋಗಬೇಕು, ತಡವಾಗಿ ಮರಳಬೇಕು – ಆಗ ಎಲ್ಲರೂ ನಂಬಿದ್ದ ಮದ್ದು ಇದೊಂದೇ. ಹಣವಿದ್ದ ರೋಗಿಗಳೂ ಹೊರಟರು, ಅವರ ವೈದ್ಯರೂ ಹೊರಟರು.

ಗೀ ದ ಶೋಲಿಯಾಕ್ ಹೊರಡಲಿಲ್ಲ. ಆಗ ಪೋಪ್‌ರ ಆಸ್ಥಾನ ಇದ್ದದ್ದು ಫ್ರಾನ್ಸಿನ ಆವಿನ್ಯೋನ್‌ನಲ್ಲಿ. ಶೋಲಿಯಾಕ್ ಅಲ್ಲಿನ ವೈದ್ಯ. ಅವನು 1363ರಲ್ಲಿ ಮುಗಿಸಿದ ಶಸ್ತ್ರಚಿಕಿತ್ಸೆಯ ದೊಡ್ಡ ಗ್ರಂಥದಲ್ಲಿ ಆ ದಿನಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಸೋಂಕಿನ ಹೆದರಿಕೆಯಿಂದ ವೈದ್ಯರು ರೋಗಿಗಳ ಹತ್ತಿರ ಹೋಗುತ್ತಿರಲಿಲ್ಲ, ಹೋದವರಿಂದಲೂ ಹೆಚ್ಚೇನೂ ಆಗುತ್ತಿರಲಿಲ್ಲ, ತಾನು ಊರು ಬಿಡದೆ ಉಳಿದದ್ದು ಅಪಕೀರ್ತಿಗೆ ಅಂಜಿ, ಮೈಯಲ್ಲಿ ನಡುಕ ಇದ್ದೇ ಇತ್ತು ಎನ್ನುತ್ತಾನೆ. ಕೊನೆಗೆ ಅವನಿಗೂ ಜ್ವರ ಬಂತು, ತೊಡೆಸಂದಿನಲ್ಲಿ ಗಂಟು ಎದ್ದಿತು. ಸುಮಾರು ಆರು ವಾರ ನರಳಿ ಬದುಕಿಕೊಂಡ.

ಉಳಿದದ್ದರಿಂದ ಅವನ ಕಣ್ಣಿಗೆ ಒಂದು ಮುಖ್ಯ ಸಂಗತಿ ಬಿತ್ತು. ಈ ರೋಗದಲ್ಲಿ ಎರಡು ಬಗೆ ಇವೆ, ಜ್ವರದ ಜೊತೆ ರಕ್ತ ಕೆಮ್ಮುವವರು ಮೂರು ದಿನದಲ್ಲಿ ಸಾಯುತ್ತಾರೆ, ಗಂಟು ಏಳುವವರು ಐದು ದಿನದಲ್ಲಿ ಎಂದು ಅವನು ಬರೆದ. ನಾನು ಮೇಲೆ ಹೇಳಿದ ಎರಡು ಬಗೆಗಳೇ ಇವು. ಬ್ಯಾಕ್ಟೀರಿಯಾ ಎಂಬ ಪದ ಹುಟ್ಟುವುದಕ್ಕೆ ಸುಮಾರು 500 ವರ್ಷ ಮೊದಲು, ಹಾಸಿಗೆ ಪಕ್ಕದಲ್ಲಿ ನಿಂತು ನೋಡಿದ್ದಷ್ಟರಿಂದಲೇ ಅವನು ಇದನ್ನು ಬೇರ್ಪಡಿಸಿದ್ದ.

ನಗರಸಭೆಯ ಕಾಂಟ್ರ್ಯಾಕ್ಟ್ ನೌಕರ

ಎಲ್ಲರಿಗೂ ಶೋಲಿಯಾಕ್‌ನಷ್ಟು ನಾಚಿಕೆ ಇರುವುದಿಲ್ಲವಲ್ಲ. ಹಾಗಾಗಿ ಊರುಗಳು ಸಂಬಳ ಕೊಟ್ಟು ವೈದ್ಯರನ್ನು ಇಟ್ಟುಕೊಳ್ಳತೊಡಗಿದವು. ಪ್ಲೇಗ್ ವೈದ್ಯ ಎಂಬ ಹುದ್ದೆ ಹುಟ್ಟಿದ್ದು ಹೀಗೆ. ಅವನು ಯಾವುದೋ ನಿಗೂಢ ವ್ಯಕ್ತಿಯಲ್ಲ, ಪ್ಲೇಗ್ ಇರುವಷ್ಟು ಕಾಲ ನಗರಸಭೆಯ ಕಾಂಟ್ರ್ಯಾಕ್ಟ್ ನೌಕರ.

ಇಟಲಿಯ ಪಾವಿಯಾ ನಗರ 1479ರಲ್ಲಿ ಜೊವಾನ್ನಿ ದೆ ವೆಂತುರಾ ಎಂಬ ವೈದ್ಯನ ಜೊತೆ ಮಾಡಿಕೊಂಡ ಇಂಥ ಒಂದು ಕರಾರು ಇಂದಿಗೂ ಉಳಿದಿದೆ. ಇತಿಹಾಸಕಾರ ಕಾರ್ಲೊ ಚಿಪೊಲ್ಲಾ ಅದನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಓದಿದರೆ ಇವತ್ತಿನ ಆಫರ್ ಲೆಟರ್ ಓದಿದಂತೆಯೇ ಇದೆ. ತಿಂಗಳಿಗೆ 30 ಫ್ಲೋರಿನ್ ಸಂಬಳ. ಎರಡು ತಿಂಗಳ ಸಂಬಳ ಮುಂಗಡ. ಸಾಮಾನು ಸಮೇತ ಇರಲು ಮನೆ. ಕೆಲಸ ಚೆನ್ನಾಗಿ ಮಾಡಿದರೆ ಊರಿನ ಪೌರತ್ವ. ಬದಲಿಗೆ ಅವನು ಎಲ್ಲ ರೋಗಿಗಳನ್ನೂ ನೋಡಬೇಕು, ಸೋಂಕಿರುವ ಜಾಗಗಳಿಗೆ ಹೋಗಬೇಕು. ರೋಗಿಗಳು ತಾವಾಗಿ ಕೊಟ್ಟರೆ ತೆಗೆದುಕೊಳ್ಳಬಹುದು, ಕೇಳುವಂತಿಲ್ಲ.

ಇನ್ನೊಂದು ಷರತ್ತೂ ಇತ್ತು. ನಗರಸಭೆ ನೇಮಿಸಿದ ಒಬ್ಬ ಮನುಷ್ಯ ಜೊತೆಗಿಲ್ಲದೆ ಅವನು ಊರಿನಲ್ಲಿ ಓಡಾಡುವಂತಿಲ್ಲ. ಕಾವಲಿಗಲ್ಲ, ಇವನು ಪ್ಲೇಗ್ ವೈದ್ಯ ಎಂದು ಜನ ದೂರದಿಂದಲೇ ಗುರುತಿಸಿ ಸರಿದು ಹೋಗಲಿ ಎಂದು. 2020ರಲ್ಲಿ ನಮ್ಮ ಕೆಲವು ಊರುಗಳಲ್ಲಿ ಕೋವಿಡ್ ವಾರ್ಡಿನ ನರ್ಸ್‌ಗಳಿಗೆ ಬಾಡಿಗೆ ಮನೆ ಖಾಲಿ ಮಾಡಿ ಎಂದವರಿದ್ದರು. ಆ ನಡವಳಿಕೆ ಹೊಸದೇನಲ್ಲ ಎಂಬುದು ಈ ಷರತ್ತಿನಿಂದ ಗೊತ್ತಾಗುತ್ತದೆ.

ಈ ಕೆಲಸಕ್ಕೆ ಬರುತ್ತಿದ್ದವರು ಹೆಚ್ಚಾಗಿ ಪ್ರಾಕ್ಟೀಸ್ ಇನ್ನೂ ಕುದುರದ ಯುವಕರು ಅಥವಾ ಹೆಸರು ಮಾಡದ ವೈದ್ಯರು. ಆದರೆ ಪ್ಲೇಗ್ ಬಂದಾಗ ಇವರಿಗೆ ಬೆಲೆ ಎಷ್ಟಿತ್ತೆಂದರೆ, 1650ರಲ್ಲಿ ಬಾರ್ಸಿಲೋನಾ ನಗರ ತೊರ್ತೋಸಾಗೆ ಕಳಿಸಿದ್ದ ಇಬ್ಬರು ವೈದ್ಯರನ್ನು ದಾರಿಯಲ್ಲಿ ದರೋಡೆಕೋರರು ಹಿಡಿದಿಟ್ಟುಕೊಂಡರು. ನಗರ ಹಣ ಕೊಟ್ಟು ಬಿಡಿಸಿಕೊಂಡಿತು.

ಚಿಕಿತ್ಸೆಯ ಜೊತೆಗೆ ಲೆಕ್ಕ ಬರೆಯುವ ಕೆಲಸವೂ ಅವರದು. ಎಷ್ಟು ಮಂದಿಗೆ ರೋಗ, ಎಷ್ಟು ಸಾವು ಎಂದು ನಗರಸಭೆಗೆ ತಿಳಿಸಬೇಕಿತ್ತು. ಸಾಯುವವರ ಉಯಿಲಿಗೆ ಸಾಕ್ಷಿ ಹಾಕಲು ಬೇರೆ ಯಾರೂ ಒಳಗೆ ಬರದ ಕಾರಣ ಅದನ್ನೂ ಹಲವೆಡೆ ಅವರೇ ಮಾಡಿದರು.

ಕೊಕ್ಕು ಬಂದದ್ದು ಯಾವಾಗ?

ಈ ವೇಷವನ್ನು ಸಾಮಾನ್ಯವಾಗಿ ಶಾರ್ಲ್ ದ ಲೋರ್ಮ್ ಎಂಬ ಫ್ರೆಂಚ್ ವೈದ್ಯನ ಹೆಸರಿಗೆ ಹೇಳುತ್ತಾರೆ. ಫ್ರಾನ್ಸಿನ ರಾಜ 13ನೇ ಲೂಯಿಯ ವೈದ್ಯನಾಗಿದ್ದವನು ಇವನು, 1584ರಲ್ಲಿ ಹುಟ್ಟಿ 1678ರವರೆಗೆ ಬದುಕಿದ. 1619ರ ಸುಮಾರಿಗೆ ಅವನು ರೂಪಿಸಿದ ಉಡುಪಿನ ವಿವರ ಹೀಗಿದೆ: ಮೇಲಂಗಿ, ಬೂಟು, ಕೈಗವಸು, ಟೋಪಿ ಎಲ್ಲವೂ ಮೇಕೆ ಚರ್ಮದವು. ಅಂಗಿಗೆ ಸುಗಂಧ ಬೆರೆಸಿದ ಮೇಣದ ಲೇಪ. ಒಳಅಂಗಿಯನ್ನು ಚಲ್ಲಣದೊಳಗೆ ಸಿಕ್ಕಿಸಿ, ಚಲ್ಲಣವನ್ನು ಬೂಟಿಗೆ ಬಿಗಿದು, ಎಲ್ಲೂ ಸಂದು ಇಲ್ಲದಂತೆ ಮಾಡುವುದು. ಕಣ್ಣಿಗೆ ಗಾಜು. ಮೂಗು ಅರ್ಧ ಅಡಿ ಉದ್ದ, ಅದರ ತುಂಬ ಸುಗಂಧದ್ರವ್ಯ. ಮೂಗಿನ ಹೊಳ್ಳೆಗಳ ಹತ್ತಿರ ಎರಡೇ ತೂತು. ಉಸಿರೆಳೆದರೆ ಕೆಟ್ಟ ಗಾಳಿ ಸುಗಂಧವನ್ನು ದಾಟಿಕೊಂಡು ಶುದ್ಧವಾಗಿ ಬರಲಿ ಎಂಬುದು ಉದ್ದೇಶ.

ನಾವೆಲ್ಲ ನೋಡುವ ಚಿತ್ರ ಇದಲ್ಲ. ಅದು 1656ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಪೌಲ್ ಫ್ಯೂರ್ಸ್ಟ್ ಎಂಬ ಪ್ರಕಾಶಕ ಅಚ್ಚು ಮಾಡಿದ ‘ರೋಮ್‌ನ ಕೊಕ್ಕಿನ ಡಾಕ್ಟರ್’ ಎಂಬ ಹಾಳೆ. ಆ ವರ್ಷ ರೋಮ್‌ನಲ್ಲಿ ಪ್ಲೇಗ್ ಇತ್ತು. ಚಿತ್ರವನ್ನು ಹತ್ತಿರದಿಂದ ನೋಡಿ: ಕೋಲಿನ ತುದಿಯಲ್ಲಿ ರೆಕ್ಕೆ ಇರುವ ಮರಳು ಗಡಿಯಾರ, ಕೈಬೆರಳುಗಳಲ್ಲಿ ಉಗುರು, ಹಿಂದೆ ಓಡುತ್ತಿರುವ ಮಕ್ಕಳು. ಕೆಳಗಿರುವ ಪದ್ಯ ಸಾವಿನಲ್ಲಿ ದುಡ್ಡು ಮಾಡುವ ವೈದ್ಯರನ್ನು ಗೇಲಿ ಮಾಡುತ್ತದೆ. ಅಂದರೆ ಇದೊಂದು ವ್ಯಂಗ್ಯಚಿತ್ರ. ನಾವು ಅದನ್ನು ಫೋಟೊ ಎಂಬಂತೆ ನಂಬಿದ್ದೇವೆ.

ಇಟಲಿ ಮತ್ತು ಫ್ರಾನ್ಸಿನಲ್ಲಿ ಕೆಲವರು ಇಂಥ ವೇಷ ತೊಟ್ಟಿದ್ದಕ್ಕೆ ಆಧಾರಗಳಿವೆ. ಉಳಿದ ಕಡೆ ಬಹಳ ಕಡಿಮೆ. ಜರ್ಮನಿಯ ಇಂಗೋಲ್‌ಸ್ಟಾಟ್‌ನ ವೈದ್ಯಕೀಯ ಇತಿಹಾಸದ ಮ್ಯೂಸಿಯಂನಲ್ಲಿ ಒಂದು ಮುಖವಾಡ ಇದೆ. ಅದು ನಿಜವಾಗಿ ಬಳಸಿದ್ದೇ ಎಂಬ ಬಗ್ಗೆ ಆ ಮ್ಯೂಸಿಯಂನವರೇ ಅನುಮಾನ ಎತ್ತಿದ್ದಾರೆ.

ಕೊಕ್ಕಿನೊಳಗಿನ ಕರ್ಪೂರ, ಡಬ್ಬಿಯೊಳಗಿನ ಹಾವು

ಕೊಕ್ಕಿನೊಳಗೆ ತುಂಬುತ್ತಿದ್ದ ವಸ್ತುಗಳ ಪಟ್ಟಿ ಒಬ್ಬೊಬ್ಬರದು ಒಂದೊಂದು. ಆದರೆ ಕರ್ಪೂರ, ಲವಂಗ, ಪುದೀನ, ಗುಲಾಬಿ ಎಸಳು ಇವೆಲ್ಲ ಮತ್ತೆ ಮತ್ತೆ ಬರುತ್ತವೆ. ಈ ಪಟ್ಟಿ ಓದುವಾಗ ಫಾರ್ಮಸಿ ಓದಿದ ನನಗೆ 2021ರ ಏಪ್ರಿಲ್, ಮೇ ತಿಂಗಳು ನೆನಪಾಗದೆ ಇರುವುದಿಲ್ಲ. ಕರ್ಪೂರ, ಲವಂಗ, ಓಮ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತದೆ ಎಂಬ ಸಂದೇಶ ಆಗ ಮನೆಮನೆಗೂ ಬಂದಿತ್ತು. ಏರುವುದಿಲ್ಲ. ಕರ್ಪೂರದ ಘಾಟು ಮೂಗಿನೊಳಗೆ ತಣ್ಣಗೆ ಅನ್ನಿಸುವುದರಿಂದ ಉಸಿರು ಸಲೀಸಾದಂತೆ ತೋರುತ್ತದೆ, ಅಷ್ಟೇ. ಆಕ್ಸಿಮೀಟರ್ ಅಂಕಿ ಬದಲಾಗುವುದಿಲ್ಲ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇನ್ನೂ ಒಂದು ಮಾತು: ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಎರಡು ವರ್ಷದೊಳಗಿನವರ ಮೂಗಿನ ಹತ್ತಿರ ಅದನ್ನು ಹಿಡಿಯಲೇಬೇಡಿ. ದೇವರ ಮನೆಯ ಕರ್ಪೂರದ ಡಬ್ಬಿಯೂ ಕೈಗೆ ಸಿಗದಂತಿರಲಿ.

ರೋಗಿಗೆ ಕೊಡುತ್ತಿದ್ದ ಔಷಧಗಳಲ್ಲಿ ಥೀರಿಯಾಕ್ ಎಂಬ ಲೇಹ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ಮರ್ಯಾದೆ. ಪ್ರಾಚೀನ ರೋಮ್ ಕಾಲದಿಂದ ಬಂದ ಯೋಗ ಇದು. 60ಕ್ಕೂ ಹೆಚ್ಚು ಪದಾರ್ಥಗಳು, ಅವುಗಳಲ್ಲಿ ವಿಷದ ಹಾವಿನ ಮಾಂಸ ಮತ್ತು ಅಫೀಮು ಕೂಡ. ಜೇನಿನಲ್ಲಿ ಕಲಸಿ ವರ್ಷಗಟ್ಟಲೆ ಮಾಗಿಸುತ್ತಿದ್ದರು. ಕಲಬೆರಕೆ ಆಗಬಾರದೆಂದು ವೆನಿಸ್‌ನಲ್ಲಿ ಇದನ್ನು ಅಧಿಕಾರಿಗಳ ಎದುರು, ಜನರೆಲ್ಲ ನೋಡುವಂತೆ ಬಯಲಿನಲ್ಲಿ ತಯಾರಿಸಬೇಕಿತ್ತು. ಔಷಧ ಕೆಲಸಕ್ಕೆ ಬಾರದಿದ್ದರೂ ತಯಾರಿಕೆಯ ಮೇಲಿನ ಈ ನಿಗಾ ಮೆಚ್ಚುವಂಥದ್ದೇ. ಪ್ಲೇಗ್ ಬ್ಯಾಕ್ಟೀರಿಯಾಕ್ಕೆ ಥೀರಿಯಾಕ್ ಏನೂ ಮಾಡುತ್ತಿರಲಿಲ್ಲ. ಅಫೀಮು ಇದ್ದದ್ದರಿಂದ ನೋವು, ಕೆಮ್ಮು, ಭೇದಿ ಒಂದಿಷ್ಟು ಕಡಿಮೆಯಾಗಿ ರೋಗಿಗೆ ನಿದ್ದೆ ಬಂದಿರಬಹುದು. ಗುಣ ಕಂಡಿತು ಎಂಬ ನಂಬಿಕೆಗೆ ಅಷ್ಟು ಸಾಕಲ್ಲವೇ?

ರಕ್ತ ತೆಗೆಯುವುದು, ಗಂಟನ್ನು ಕುಯ್ದು ಕೀವು ಹೊರಬಿಡುವುದು, ವಿನೆಗರ್‌ನಲ್ಲಿ ತೊಳೆಯುವುದು, ಮನೆಗೆ ಹೊಗೆ ಹಾಕುವುದು ಉಳಿದ ಚಿಕಿತ್ಸೆಗಳು. ರಕ್ತ ತೆಗೆದದ್ದರಿಂದ ನಿತ್ರಾಣಗೊಂಡ ರೋಗಿಗಳಿಗೆ ಕೇಡೇ ಆಯಿತು.

ಲಂಡನ್ 1665: ಉಳಿದ ಇಬ್ಬರು

ಲಂಡನ್‌ನಲ್ಲಿ ಆ ವರ್ಷ ಅಧಿಕೃತ ಲೆಕ್ಕದ ಪ್ರಕಾರವೇ 68,596 ಮಂದಿ ಪ್ಲೇಗ್‌ನಿಂದ ಸತ್ತರು. ಸೆಪ್ಟೆಂಬರ್‌ನ ಒಂದೇ ವಾರದಲ್ಲಿ 7,000ಕ್ಕೂ ಹೆಚ್ಚು. ರೋಗಿ ಸಿಕ್ಕ ಮನೆಯ ಬಾಗಿಲಿಗೆ ಒಂದು ಅಡಿ ಉದ್ದದ ಕೆಂಪು ಶಿಲುಬೆ ಬರೆದು ಹೊರಗಿನಿಂದ ಬೀಗ ಹಾಕುತ್ತಿದ್ದರು. ರೋಗಿಯ ಜೊತೆ ಆರೋಗ್ಯವಾಗಿರುವ ಮನೆಯವರೂ ಒಳಗೆ. ನೋಡಿಕೊಳ್ಳುವವರು, ಶಸ್ತ್ರವೈದ್ಯರು, ಹೆಣ ಹೂಳುವವರು ಬೀದಿಗಿಳಿದರೆ ಮೂರಡಿಯ ಕೆಂಪು ಕೋಲು ಎತ್ತಿ ಹಿಡಿದಿರಬೇಕಿತ್ತು. ಕೊಕ್ಕಿನ ಮುಖವಾಡ ಇಲ್ಲಿ ಇರಲಿಲ್ಲ.

ಹೆಸರಾಂತ ವೈದ್ಯರು ಬಹುಪಾಲು ಊರು ಬಿಟ್ಟಿದ್ದರು. ಉಳಿದವರಲ್ಲಿ ಒಬ್ಬ ನಥಾನಿಯಲ್ ಹಾಡ್ಜಸ್. ಬೆಳಗ್ಗೆ ಎರಡು ಮೂರು ಗಂಟೆ ಮನೆಯಲ್ಲೇ ರೋಗಿಗಳನ್ನು ನೋಡಿ, ಆಮೇಲೆ ಮನೆಮನೆಗೆ ಹೋಗುತ್ತಿದ್ದ. ಬಲ ಬರಲೆಂದು ದಿನಕ್ಕೆ ಹಲವು ಸಲ ವೈನ್ ಕುಡಿಯುತ್ತಿದ್ದ. ಅವನಲ್ಲಿ ನನಗೆ ಇಷ್ಟವಾದದ್ದು ಬೇರೆ: ಪ್ರಾಣಿಗಳ ಹೊಟ್ಟೆಯಲ್ಲಿ ಸಿಗುವ ಬೆಜೋರ್ ಕಲ್ಲು, ಒಂದು ಕೊಂಬಿನ ಕುದುರೆಯದೆಂದು ಮಾರುತ್ತಿದ್ದ ಕೊಂಬು, ಇಂಥ ದುಬಾರಿ ಮದ್ದುಗಳಿಂದ ಏನೂ ಆಗುವುದಿಲ್ಲ ಎಂದು ಅವನು ಬರೆದಿಟ್ಟ. ಅವನ ಪುಸ್ತಕ 1672ರಲ್ಲಿ ಬಂತು. ಹದಿನಾರು ವರ್ಷದ ನಂತರ ಅವನು ಸತ್ತದ್ದು ಸಾಲಗಾರರ ಜೈಲಿನಲ್ಲಿ.

ಇನ್ನೊಬ್ಬ ವಿಲಿಯಂ ಬಾಗ್‌ಹರ್ಸ್ಟ್, ವೈದ್ಯನಲ್ಲ, ಔಷಧಿ ಅಂಗಡಿ ಇಟ್ಟಿದ್ದವನು. ಅವನಿಗೆ ನಗರಸಭೆಯ ಕರಾರಿನ ಗೌರವವೂ ಇರಲಿಲ್ಲ. ದಿನಕ್ಕೆ ನಲವತ್ತರಷ್ಟು ಹುಣ್ಣುಗಳಿಗೆ ಪಟ್ಟಿ ಕಟ್ಟುತ್ತಿದ್ದೆ, ಉಸಿರು ಕಟ್ಟಿದವರನ್ನು ಹಾಸಿಗೆಯಲ್ಲಿ ಅರ್ಧ ಗಂಟೆ ಎತ್ತಿ ಹಿಡಿದು ಕೂರಿಸುತ್ತಿದ್ದೆ, ಅವರ ಜೊತೆ ಊಟ ಮಾಡಿದ್ದೇನೆ, ಹಾಸಿಗೆಯ ಮೇಲೇ ಕೂತು ಮಾತಾಡಿದ್ದೇನೆ, ಸತ್ತಾಗ ಬಾಯಿ ಕಣ್ಣು ಮುಚ್ಚಿದ್ದೇನೆ, ಬೇರೆ ಯಾರೂ ಇಲ್ಲದಿದ್ದರೆ ಪೆಟ್ಟಿಗೆಗೆ ಇಳಿಸಲು ಕೈ ಕೊಟ್ಟಿದ್ದೇನೆ ಎಂದು ಅವನ ಬರಹದಲ್ಲಿದೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡ ನಿಮಗೆ ಇದರಲ್ಲಿ ಪ್ರತಿಯೊಂದೂ ಗೊತ್ತಿರುವ ಕೆಲಸವೇ. ಅವನ ಬಳಿ ಇದ್ದ ಮದ್ದುಗಳಲ್ಲಿ ಪ್ಲೇಗ್ ವಾಸಿ ಮಾಡುವಂಥದ್ದು ಒಂದೂ ಇರಲಿಲ್ಲ. ಈ ಹಸ್ತಪ್ರತಿ ಅಚ್ಚಾದದ್ದು 1894ರಲ್ಲಿ. ಕಾಕತಾಳೀಯವೆಂದರೆ ಅದೇ ವರ್ಷ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಪ್ಲೇಗ್‌ನ ಬ್ಯಾಕ್ಟೀರಿಯಾ ಕಂಡುಹಿಡಿದ.

ಮೇಣದ ಅಂಗಿ ಮತ್ತು ಚಿಗಟ

ವೇಷದಿಂದ ಏನಾದರೂ ಉಪಯೋಗ ಆಯಿತೇ? ಕೊಕ್ಕಿನಿಂದ ಹೆಚ್ಚೇನೂ ಇಲ್ಲ. ಗಾಳಿಯನ್ನು ಸೋಸುವ ಪದರ ಅದರಲ್ಲಿ ಇರಲಿಲ್ಲ. ಅಂಗಿಯ ಕಥೆ ಬೇರೆ. 1657ರಲ್ಲಿ ಇಟಲಿಯ ಜಿನೋವಾದಲ್ಲಿ ಪ್ಲೇಗ್ ಆಸ್ಪತ್ರೆಯ ಮೇಲ್ವಿಚಾರಣೆ ನೋಡುತ್ತಿದ್ದ ಅಂತೇರೊ ಮರಿಯಾ ಎಂಬ ಪಾದ್ರಿ ಒಂದು ಮಾತು ಬರೆದಿದ್ದಾರೆ. ಮೇಣದ ಅಂಗಿಯಿಂದ ಇರುವ ಪ್ರಯೋಜನ ಒಂದೇ, ಅದರಲ್ಲಿ ಚಿಗಟಗಳು ಸೇರಿಕೊಳ್ಳುವುದಿಲ್ಲ ಎಂದು. ಅಲ್ಲಿ ಚಿಗಟಗಳ ಕಾಟ ಅವರಿಗೆ ಸಾಕುಬೇಕಾಗಿತ್ತು. ಅವರ ಪಾಲಿಗೆ ಇದು ಗೊಣಗಾಟ. ಅಂಗಿ ಪ್ಲೇಗ್ ತಡೆಯುವುದಿಲ್ಲ, ಬರೀ ಚಿಗಟ ತಡೆಯುತ್ತದೆ ಎಂಬ ಅಸಮಾಧಾನ. ಆ ಎರಡೂ ಒಂದೇ ಎಂದು ತಿಳಿಯಲು ಇನ್ನೂ 241 ವರ್ಷ ಬೇಕಾಯಿತು.

1720ರಲ್ಲಿ ಫ್ರಾನ್ಸಿನ ಮಾರ್ಸೇ ಬಂದರಿಗೆ ಗ್ರಾಂ ಸೇಂ ಆಂತ್ವಾನ್ ಎಂಬ ಹಡಗಿನ ಜೊತೆ ಪ್ಲೇಗ್ ಬಂತು. ಊರಿನ ಅರ್ಧದಷ್ಟು ಜನ, ಸುಮಾರು 50,000 ಮಂದಿ ಸತ್ತರು. ಮೊಂಪೆಲಿಯೆಯಿಂದ ಬಂದ ಫ್ರಾಂಸ್ವಾ ಶಿಕೊಯ್ನೊ ಎಂಬ ವೈದ್ಯ ಈ ರೋಗ ಅಂಟುವುದೇ ಇಲ್ಲ ಎಂದು ವಾದಿಸುತ್ತ ಮುಖವಾಡವಿಲ್ಲದೆ ರೋಗಿಗಳ ಹಾಸಿಗೆ ಮೇಲೆ ಕೂತು ಬರಿಗೈಯಲ್ಲಿ ಗಂಟು ಮುಟ್ಟಿ ನೋಡುತ್ತಿದ್ದ. ಅವನು ಬದುಕಿದ, ಮುಂದೆ ರಾಜನ ಪ್ರಧಾನ ವೈದ್ಯನೂ ಆದ. ಅವನ ವಾದ ಮಾತ್ರ ತಪ್ಪು. ಗಂಟಿನ ಪ್ಲೇಗ್ ಬರೀ ಮುಟ್ಟಿದ್ದರಿಂದ ಸುಲಭವಾಗಿ ಹರಡುವುದಿಲ್ಲ, ಹಾಗಾಗಿ ಅವನು ಪಾರಾದ. ‘ನಮ್ಮವರು ಮಾಸ್ಕ್ ಹಾಕಲೇ ಇಲ್ಲ, ಅವರಿಗೇನೂ ಆಗಲಿಲ್ಲ’ ಎಂಬ ಮಾತು ನೀವೂ ಕೇಳಿರುತ್ತೀರಿ. ಒಬ್ಬರು ಪಾರಾದದ್ದು ರೋಗದ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ.

ನಿಜವಾಗಿ ರೋಗದ ಹರಡುವಿಕೆಗೆ ತಡೆ ಒಡ್ಡಿದ್ದು ಬೇರ್ಪಡಿಸುವ ವ್ಯವಸ್ಥೆ. ಈಗಿನ ಕ್ರೊಯೇಷಿಯಾದ ದುಬ್ರೋವ್ನಿಕ್ ಬಂದರು 1377ರಲ್ಲೇ ಹೊರಗಿನಿಂದ ಬಂದವರನ್ನು 30 ದಿನ ದೂರ ಇರಿಸುವ ನಿಯಮ ಮಾಡಿತು. ವೆನಿಸ್ 1423ರಲ್ಲಿ ದ್ವೀಪವೊಂದರಲ್ಲಿ ಪ್ಲೇಗ್ ಆಸ್ಪತ್ರೆ ತೆರೆಯಿತು. 30 ದಿನ ಮುಂದೆ 40 ಆಯಿತು. ಇಟಲಿಯ ಭಾಷೆಯಲ್ಲಿ ನಲವತ್ತು ಎಂಬ ಪದದಿಂದಲೇ ಕ್ವಾರಂಟೈನ್ ಬಂದದ್ದು.

ಚಿಗಟದ ಗುಟ್ಟು ಬಯಲಾದದ್ದು ನಮ್ಮ ಉಪಖಂಡದಲ್ಲಿ. 1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು, ಎರಡು ವರ್ಷದಲ್ಲಿ ಬೆಂಗಳೂರಿಗೂ ಬಂತು. ಆ 1898ರಲ್ಲೇ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂದ್ ರೋಗವಿರುವ ಇಲಿಯಿಂದ ಇನ್ನೊಂದು ಇಲಿಗೆ ಚಿಗಟದ ಮೂಲಕ ಪ್ಲೇಗ್ ದಾಟುವುದನ್ನು ಪ್ರಯೋಗ ಮಾಡಿ ತೋರಿಸಿದ. ಯುರೋಪಿನ ಹಳೆಯ ಪ್ಲೇಗ್‌ಗಳಲ್ಲಿ ಇಲಿಯ ಚಿಗಟವಷ್ಟೇ ಅಲ್ಲ, ಮನುಷ್ಯರ ಮೈಮೇಲಿನ ಚಿಗಟ, ಹೇನುಗಳದ್ದೂ ಪಾತ್ರವಿತ್ತೇ ಎಂಬ ಚರ್ಚೆ ಇನ್ನೂ ನಡೆದಿದೆ.

ಕೆಲಸಕ್ಕೆ ಬರುವ ಮಾಸ್ಕ್ ಬಂದದ್ದು 1910–11ರಲ್ಲಿ, ಚೀನಾದ ಮಂಚೂರಿಯಾದಲ್ಲಿ ನ್ಯುಮೋನಿಯಾ ಬಗೆಯ ಪ್ಲೇಗ್ ಹಬ್ಬಿದಾಗ. ಯುವ ವೈದ್ಯ ವೂ ಲಿಯೆನ್‌ತೇ ಗಾಜ್ ಬಟ್ಟೆಯ ಪದರಗಳ ನಡುವೆ ಹತ್ತಿ ಇಟ್ಟ ಮಾಸ್ಕ್ ಕಟ್ಟಿಕೊಳ್ಳಲು ಹೇಳಿದ. ಅದನ್ನು ಒಪ್ಪದ ಹಿರಿಯ ಫ್ರೆಂಚ್ ವೈದ್ಯ ಮೆನಿ, ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿ ಕೆಲವೇ ದಿನಗಳಲ್ಲಿ ಪ್ಲೇಗ್‌ನಿಂದ ಸತ್ತ.

ಈಗ ಪ್ಲೇಗ್ ಬಂದರೆ?

ರೋಗ ಅಳಿದಿಲ್ಲ. ಮಡಗಾಸ್ಕರ್, ಕಾಂಗೊ, ಪೆರು ದೇಶಗಳಲ್ಲಿ ಇಂದಿಗೂ ಕಾಣಿಸಿಕೊಳ್ಳುತ್ತದೆ. ಭಾರತದಲ್ಲಿ 1994ರ ಸೂರತ್ ಹಲವರಿಗೆ ನೆನಪಿರಬಹುದು. ವ್ಯತ್ಯಾಸವೆಂದರೆ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಇದಕ್ಕೆ ಮದ್ದಿದೆ. ಈಗ ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯಾಟಿಕ್‌ಗಳನ್ನೂ ಕೊಡುತ್ತಾರೆ. ಬೇಗ ಶುರು ಮಾಡಿದರೆ ಹೆಚ್ಚಿನವರು ಗುಣವಾಗುತ್ತಾರೆ. ನ್ಯುಮೋನಿಯಾ ಬಗೆಯಲ್ಲಿ ಮೊದಲ 24 ಗಂಟೆ ಬಹಳ ಮುಖ್ಯ. ಇವನ್ನು ನೀವೇ ಅಂಗಡಿಯಿಂದ ತಂದು ನುಂಗುವಂತಿಲ್ಲ. ಯಾವ ಔಷಧ, ಎಷ್ಟು ದಿನ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು.

ಮನೆಯವರನ್ನು ರೋಗಿಯ ಜೊತೆ ಕೂಡಿಹಾಕುವ ಪದ್ಧತಿ ಈಗಿಲ್ಲ. ನ್ಯುಮೋನಿಯಾ ಬಗೆಯಾದರೆ ಆ್ಯಂಟಿಬಯಾಟಿಕ್ ಶುರುವಾಗಿ ಕನಿಷ್ಠ 48 ಗಂಟೆ ಕಳೆದು ರೋಗಿ ಚೇತರಿಸಿಕೊಳ್ಳುವವರೆಗೆ ಬೇರೆ ಕೋಣೆ, ಒಳಗೆ ಹೋಗುವವರಿಗೆ ಮಾಸ್ಕ್. ಅದಕ್ಕೆ ಮೊದಲು ಅವರ ಹತ್ತಿರ ಇದ್ದವರಿಗೆ ಕೆಲವು ದಿನ ಮುಂಜಾಗ್ರತೆಯ ಮಾತ್ರೆ ಕೊಡುತ್ತಾರೆ. ಶ್ವಾಸಕೋಶಕ್ಕೆ ಹರಡದ ಗಂಟಿನ ಪ್ಲೇಗ್ ಆದರೆ, ಕೀವು ಕೈಗೆ ತಾಗದಂತೆ ಕೈಗವಸು ಹಾಕಿಕೊಂಡು, ಆಸ್ಪತ್ರೆಯವರು ಹೇಳಿದ ಎಚ್ಚರಿಕೆ ಪಾಲಿಸಿ ನೀವು ಅವರ ಪಕ್ಕದಲ್ಲೇ ಕೂರಬಹುದು.